ಗೈಡ್ಸ್ ಹುಡುಗಿಯರು ಯಾರ ಪರ ಇದ್ದರು? ಬ್ರಿಟಿಷರ ಕಾಲದ ಹುಡುಗಿಯರ ದಳಗಳ ಬಗ್ಗೆ ಒಂದು ಪ್ರಶ್ನೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಜೊತೆಗೆ ಗೈಡ್ಸ್ ಕಂಪನಿಯ (ಅಂದರೆ ಗೈಡ್ ಹುಡುಗಿಯರ ದಳದ) ಕ್ಯಾಪ್ಟನ್. ಫೆಬ್ರವರಿ 22ರ ಚಿಂತನಾ ದಿನಕ್ಕೆ ಈ ಸಲ ಗೋಡೆಗೆ ದೊಡ್ಡ ಚಾರ್ಟ್ ಮಾಡಿಸಬೇಕು ಅಂತಿದ್ದೇನೆ. ತೊಂದರೆ ಶುರುವಾಗಿರುವುದೇ ಅಲ್ಲಿ.

ನಮಗೆ ತರಬೇತಿಯಲ್ಲಿ ಹೇಳಿಕೊಡುವ ಇತಿಹಾಸ ತುಂಬ ಚಿಕ್ಕದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ರ್‍ಯಾಲಿ ನಡೆಯಿತು. ಯಾರೂ ಕರೆಯದಿದ್ದರೂ ಒಂದಷ್ಟು ಹುಡುಗಿಯರು ತಾವೂ ಸ್ಕೌಟ್‌ಗಳು ಅಂತ ಬಂದು ನಿಂತರು. 1910ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ಕೈಗೆ ಗೈಡ್ಸ್ ಸಂಸ್ಥೆಯನ್ನು ಕೊಟ್ಟರು. 1911ರಲ್ಲಿ ಜಬಲ್ಪುರದಲ್ಲಿ ಭಾರತದ ಮೊದಲ ಕಂಪನಿ ಶುರುವಾಯಿತು. ಆಮೇಲೆ ಒಂದೇ ನೆಗೆತಕ್ಕೆ 1951, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್. ಮುಗಿಯಿತು.

ನಡುವಿನ 40 ವರ್ಷ ಎಲ್ಲಿ ಹೋಯಿತು? ಜಬಲ್ಪುರದ ಆ ಮೊದಲ ಕಂಪನಿಯಲ್ಲಿ ಭಾರತೀಯ ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಆಗ್ನೆಸ್ ಮತ್ತು ಅವರ ಅಣ್ಣ ಸೇರಿ 1912ರಲ್ಲಿ ತಂದ ಕೈಪಿಡಿಯ ಹೆಸರಿನಲ್ಲೇ 'ಸಾಮ್ರಾಜ್ಯ ಕಟ್ಟಲು ಹುಡುಗಿಯರು ಹೇಗೆ ನೆರವಾಗಬಹುದು' ಎಂಬ ಮಾತಿದೆ. ಇದನ್ನು ನನ್ನ ಹುಡುಗಿಯರಿಗೆ ಹೇಳಬೇಕೋ ಬೇಡವೋ? ಹೇಳಬೇಕು ಅಂತ ನನ್ನ ಮನಸ್ಸು. ಆದರೆ ಇದನ್ನಷ್ಟೇ ಹೇಳಿದರೆ ಅವರು ಹೆಮ್ಮೆಯಿಂದ ಹಾಕಿಕೊಳ್ಳುವ ಸ್ಕಾರ್ಫ್ ಬಗ್ಗೆ ಏನು ಯೋಚಿಸಬೇಕು? ಆ ಕಾಲದಲ್ಲಿ ಹುಡುಗಿಯರಿಗೆ ಬೇರೆ ದಳಗಳು ಇದ್ದವಾ? ನಮ್ಮ ಕಡೆ ಏನಿತ್ತು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಸವನಗುಡಿಯವ
ಮೇಡಂ, ಇದರಲ್ಲಿ ಗೊಂದಲಕ್ಕೆ ಏನಿದೆ? ದೇವರಿಗೂ ದೊರೆಗೂ ನಿಷ್ಠಳಾಗಿರುತ್ತೇನೆ ಅಂತ ಪ್ರತಿಜ್ಞೆ ತೆಗೆದುಕೊಳ್ಳುತ್ತಿದ್ದರು. ದೊರೆ ಅಂದರೆ ಐದನೇ ಜಾರ್ಜ್. ಹೇಳಿದ ಮಾತು ಕೇಳಬೇಕು ಅನ್ನುವುದು ಗೈಡ್ ನಿಯಮಗಳಲ್ಲೇ ಒಂದು. ಬಾಲ್ಯದಿಂದಲೇ ವಿಧೇಯತೆ ಕಲಿಸುವ ವ್ಯವಸ್ಥೆ ಅದು. ಚಾರ್ಟಿನಲ್ಲಿ ಹಾಗೇ ಬರೆಸಿ.

ಗೂಡುದೀಪ
@ಬಸವನಗುಡಿಯವ ಇಷ್ಟು ಸುಲಭವಾಗಿ ಮುಗಿಸಬೇಡಿ ಸರ್. ಆಗ ಹುಡುಗಿಯರ ಬದುಕು ಹೇಗಿತ್ತು ನೋಡಿ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯಲು ಕಾನೂನು ತಂದಾಗ ಹುಡುಗಿಗೆ ಹಾಕಿದ ಗಡಿ 8 ವರ್ಷ. ಅದನ್ನೇ ಆಗ ದೊಡ್ಡ ಸುಧಾರಣೆ ಅಂತ ಹೊಗಳಿದರು, ಅದಕ್ಕೂ ವಿರೋಧ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದು 14 ವರ್ಷ ಅಂತಾಗಿದ್ದು 1929ರಲ್ಲಿ. ಅಂಥ ಕಾಲದಲ್ಲಿ 12-13 ವರ್ಷದ ಹುಡುಗಿ ಶಾಲೆಯ ಮೈದಾನದಲ್ಲಿ ಓಡುತ್ತಾಳೆ, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಯುತ್ತಾಳೆ, ಟೆಂಟ್ ಹಾಕುತ್ತಾಳೆ, ತನ್ನ ಪೆಟ್ರೋಲ್‌ನ, ಅಂದರೆ ಕಂಪನಿಯೊಳಗಿನ ಸಣ್ಣ ಗುಂಪಿನ, ಆರೇಳು ಹುಡುಗಿಯರಿಗೆ ತಾನೇ ಲೀಡರ್ ಆಗುತ್ತಾಳೆ. ಪ್ರತಿಜ್ಞೆಯಲ್ಲಿ ದೊರೆಯ ಹೆಸರಿತ್ತು, ನಿಜ. ಆದರೆ ಅವಳ ಕೈಕಾಲಿಗೆ ಸಿಕ್ಕ ಸ್ವಾತಂತ್ರ್ಯವೂ ನಿಜ ಅಲ್ವಾ?

ಬಸವನಗುಡಿಯವ
ಆ ಸ್ವಾತಂತ್ರ್ಯ ಸಿಕ್ಕಿದ್ದು ಎಷ್ಟು ಜನಕ್ಕೆ? 1931ರ ಜನಗಣತಿ ಪ್ರಕಾರ ಓದಲು ಬರೆಯಲು ಬರುತ್ತಿದ್ದ ಹೆಂಗಸರು ನೂರಕ್ಕೆ 3 ಮಂದಿ. ಗೈಡ್ಸ್ ಇದ್ದದ್ದು ಇಂಗ್ಲಿಷ್ ಶಾಲೆ, ಕಾನ್ವೆಂಟು, ದೊಡ್ಡ ಊರಿನ ಗರ್ಲ್ಸ್ ಸ್ಕೂಲುಗಳಲ್ಲಿ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹುಡುಗಿಗೆ ಮೈದಾನದಲ್ಲಿ ಓಡುವುದು ಯಾರೂ ಕಲಿಸಬೇಕಿರಲಿಲ್ಲ.

ಗೂಡುದೀಪ
ಕೊನೆಯ ಮಾತು ಒಪ್ಪುತ್ತೇನೆ. ಆದರೆ ಶಾಲೆಗೆ ಬಂದ ಆ ಮೂರರಲ್ಲೇ ಮುಂದೆ ಡಾಕ್ಟರು, ಟೀಚರು, ಸತ್ಯಾಗ್ರಹಿಗಳು ಹುಟ್ಟಿದ್ದು. ಅವರಿಗೆ ಏನು ಕಲಿಸಿದರು ಅನ್ನುವುದು ಮುಖ್ಯ.

ಇತಿಹಾಸಪ್ರಿಯ
ಸ್ವಲ್ಪ ಕ್ರಮವಾಗಿ ನೋಡೋಣ. ಸ್ಕೌಟಿಂಗ್ ಭಾರತಕ್ಕೆ ಬಂದಿದ್ದೇ ನಮ್ಮ ಬೆಂಗಳೂರಿನಿಂದ. 1909ರಲ್ಲಿ ಕ್ಯಾಪ್ಟನ್ ಬೇಕರ್ ಅನ್ನುವವರು ಇಲ್ಲಿ ಮೊದಲ ದಳ ಕಟ್ಟಿದರು. ಅದೂ ಬಿಳಿಯರ ಮಕ್ಕಳಿಗೆ. ಭಾರತೀಯ ಹುಡುಗರನ್ನು ಸೇರಿಸಲು ಸರ್ಕಾರಕ್ಕೆ ಇಷ್ಟವಿರಲಿಲ್ಲ. ಬಂಗಾಳದಲ್ಲಿ ಗುಪ್ತ ಸಂಘಗಳು, ಬಾಂಬು ಅಂತ ನಡೆಯುತ್ತಿದ್ದ ಕಾಲ. ಹುಡುಗರಿಗೆ ಕವಾಯತು, ನಕ್ಷೆ ಓದುವುದು, ಜಾಡು ಹಿಡಿಯುವುದು ಕಲಿಸಿದರೆ ನಾಳೆ ಯಾರ ಮೇಲೆ ಬಳಸುತ್ತಾರೋ ಅನ್ನುವ ಭಯ.

ಆಗ ನಮ್ಮವರು ಕಾಯುತ್ತಾ ಕೂರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಮತ್ತು ಅರುಂಡೇಲ್ ಮದ್ರಾಸಿನಲ್ಲಿ ಭಾರತೀಯರಿಗಾಗಿಯೇ ಸ್ಕೌಟ್ ಸಂಸ್ಥೆ ಮಾಡಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ಸ್ ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲ್ ದಂಪತಿ ಭಾರತಕ್ಕೆ ಬಂದರು. ಬೆಸೆಂಟ್ ಅವರ ಗುಂಪು ಮುಖ್ಯ ಸಂಸ್ಥೆಯ ಜೊತೆ ಸೇರಿತು. ಸೇವಾ ಸಮಿತಿ ಸೇರಲಿಲ್ಲ.

ಹುಡುಗಿಯರ ವಿಷಯದಲ್ಲಿ ಬಾಗಿಲು ತೆರೆದಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆಮೇಲೆ ಭಾರತೀಯ ಶಾಲೆಗಳಲ್ಲೂ ಕಂಪನಿಗಳು ಬಂದವು. ನೀಲಿ ಸೀರೆಯುಟ್ಟ ಗೈಡ್‌ಗಳ ಹಳೇ ಫೋಟೋ ನೀವು ನೋಡಿರಬಹುದು. 1928ರಲ್ಲಿ ಗೈಡ್ಸ್‌ನ ವಿಶ್ವ ಸಂಸ್ಥೆ ಶುರುವಾದಾಗ ಸ್ಥಾಪಕ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಸ್ವಾತಂತ್ರ್ಯಕ್ಕೆ ಇನ್ನೂ 19 ವರ್ಷ ಇರುವಾಗಲೇ.

ಹೊಸಪೇಟೆ ಹುಡುಗ
ಸೀರೆ ಉಟ್ಟು ಟೆಂಟ್ ಹಾಕುತ್ತಿದ್ದರಾ? ಗ್ರೇಟ್.

ಜೋಳದರೊಟ್ಟಿ
ಇದರಲ್ಲಿ ಆಶ್ಚರ್ಯ ಯಾಕೆ ತಮ್ಮಾ? ನಮ್ಮ ಅವ್ವ ಸೀರೆಯಲ್ಲೇ ಬಾವಿಗೆ ಇಳಿದು ಹೂಳು ತೆಗೆದಾಳೆ. ಕಚ್ಚೆ ಹಾಕಿದರೆ ಎಲ್ಲಾ ಕೆಲಸ ಆಗುತ್ತದೆ.

ಲೀಡ್ಸ್ ಕನ್ನಡತಿ
ನನ್ನ ಮಗಳು ಇಲ್ಲಿ ಬ್ರೌನಿಯಲ್ಲಿದ್ದಾಳೆ, ಅದಕ್ಕೇ ಈ ಪ್ರಶ್ನೆ ನನಗೂ ಹತ್ತಿರದ್ದು. ಚಿಕ್ಕ ಮಕ್ಕಳ ಗುಂಪಿಗೆ 1914ರಲ್ಲಿ ರೋಸ್‌ಬಡ್ ಅಂತ ಹೆಸರಿಟ್ಟಿದ್ದರು. ಮಕ್ಕಳಿಗೆ ಇಷ್ಟವಾಗದೆ ಮರುವರ್ಷವೇ ಬ್ರೌನಿ ಅಂತ ಬದಲಾಯಿತು. ಭಾರತದಲ್ಲಿ ಅದೇ ಗುಂಪು ಬ್ಲೂಬರ್ಡ್ ಆಯಿತು. ಈಗ ನಿಮ್ಮ ಶಾಲೆಗಳಲ್ಲಿ ಬುಲ್‌ಬುಲ್ ಅನ್ನುತ್ತೀರಲ್ಲ, ಅದೇ.

ಇನ್ನೊಂದು ವಿಷಯ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಗೂಢಚಾರ ಇಲಾಖೆ ಎಂ.ಐ.5 ತನ್ನ ಕಚೇರಿಯೊಳಗೆ ಗುಟ್ಟಿನ ಕಾಗದ ಸಾಗಿಸಲು ಗೈಡ್ ಹುಡುಗಿಯರನ್ನು ಇಟ್ಟುಕೊಂಡಿತ್ತು. ಮೊದಲು ಸ್ಕೌಟ್ ಹುಡುಗರನ್ನು ಇಟ್ಟಿದ್ದರು, ಅವರ ಗಲಾಟೆ ತಡೆಯಲಾರದೆ ಹುಡುಗಿಯರನ್ನು ಕರೆದರು. ಸಾಮ್ರಾಜ್ಯಕ್ಕೆ ಹುಡುಗಿಯರು ಎಷ್ಟು ನೇರವಾಗಿ ಬೇಕಾಗಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿ 2013ರಲ್ಲಿ ಪ್ರತಿಜ್ಞೆಯಿಂದ ದೇವರನ್ನು ಕೈಬಿಟ್ಟರು. ರಾಣಿಯನ್ನು ಬಿಡಲಿಲ್ಲ. ಈಗ ರಾಜ. ನನ್ನ ಮಗಳು ಅದನ್ನು ಹೇಳುವಾಗ ನನಗೆ ಪ್ರತಿ ಸಲ ಒಂದು ಥರ ಆಗುತ್ತದೆ.

ಬಸವನಗುಡಿಯವ
ನೋಡಿ, ಇದನ್ನೇ ನಾನು ಹೇಳಿದ್ದು.

ಇತಿಹಾಸಪ್ರಿಯ
ನಿಮ್ಮ ಪರವಾಗಿ ಇನ್ನೂ ಒಂದು ಕೊಡುತ್ತೇನೆ. ಗೈಡ್ಸ್‌ನ ನಾಲ್ಕನೇ ನಿಯಮ ಏನು ಹೇಳುತ್ತಿತ್ತು ಗೊತ್ತಾ? ಗೈಡ್ ಎಲ್ಲರಿಗೂ ಗೆಳತಿ, ಯಾವ ವರ್ಗಕ್ಕೆ ಸೇರಿದವಳಾದರೂ ಇನ್ನೊಬ್ಬ ಗೈಡ್‌ಗೆ ಅವಳು ಅಕ್ಕತಂಗಿ ಅಂತ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಕರಿಯ ಹುಡುಗಿಯರನ್ನು ಗೈಡ್ಸ್‌ಗೆ ಸೇರಿಸಿಕೊಳ್ಳಲಿಲ್ಲ. ಅವರಿಗೆ 1925ರಲ್ಲಿ ವೇಫೇರರ್ಸ್ ಅಂತ ಬೇರೆ ಸಂಸ್ಥೆ, ಬೇರೆ ಯೂನಿಫಾರ್ಮು. ಅಕ್ಕತಂಗಿ ಅನ್ನುವ ನಿಯಮ ಬಣ್ಣದ ಗೆರೆ ಬಂದ ಕಡೆ ನಿಂತುಹೋಯಿತು.

ನಿವೃತ್ತ ಮೇಷ್ಟ್ರು
ನಾನು ಹಲವಾರು ವರ್ಷ ಸ್ಕೌಟ್ ಮಾಸ್ಟರ್ ಆಗಿದ್ದವನು. ಕೊಂಡಜ್ಜಿ ಶಿಬಿರದಲ್ಲಿ, ದೊಡ್ಡಬಳ್ಳಾಪುರದಲ್ಲಿ ಎಷ್ಟೋ ಮಕ್ಕಳಿಗೆ ಗಂಟು ಹಾಕುವುದು ಕಲಿಸಿದ್ದೇನೆ. ಆದ್ದರಿಂದ ಮನಸ್ಸಿನಿಂದ ಹೇಳುತ್ತಿದ್ದೇನೆ, ಕೇಳಿ.

ಸಂಸ್ಥೆಯ ಒಳಗೂ ಜಗಳ ನಡೆದಿತ್ತು. 1937ರಲ್ಲಿ ಬೇಡನ್ ಪೊವೆಲ್ ದೆಹಲಿಯ ಜಾಂಬೂರಿಗೆ (ಸ್ಕೌಟ್‌ಗಳ ದೊಡ್ಡ ಮೇಳಕ್ಕೆ) ಬಂದು ಹೋದರು. ಆಮೇಲೆ ಭಾರತೀಯರ ನಡತೆ, ಸ್ವಭಾವದ ಬಗ್ಗೆ ಕೀಳಾಗಿ ಮಾತಾಡಿದರು. ಇಲ್ಲಿ ದೊಡ್ಡ ಗಲಾಟೆ ಆಯಿತು. ಎಷ್ಟೋ ಜನ ಸಂಸ್ಥೆ ಬಿಟ್ಟರು. 1938ರಲ್ಲಿ ಕುಂಜ್ರು ಮೊದಲಾದವರು ಹಿಂದುಸ್ತಾನ್ ಸ್ಕೌಟ್ ಸಂಸ್ಥೆ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ಕ್ಕೆ ಎರಡೂ ಗುಂಪು ಸೇರಿ ಭಾರತ್ ಸ್ಕೌಟ್ಸ್ ಆಯಿತು. ಗೈಡ್ಸ್ ಸಂಸ್ಥೆ ಬಂದು ಸೇರಿದ್ದು 1951ರ ಆಗಸ್ಟ್ 15ಕ್ಕೆ. ಆ ತಾರೀಖನ್ನು ಸುಮ್ನೆ ಆರಿಸಿದ್ದಲ್ಲ.

ಅಂದರೆ ನಮ್ಮ ಹಿರಿಯರು ಒಳ್ಳೆಯದನ್ನು ಇಟ್ಟುಕೊಂಡರು, ದೊರೆಯನ್ನು ತೆಗೆದು ದೇಶವನ್ನು ಇಟ್ಟರು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಟೀಚರ್.

ಹುಬ್ಬಳ್ಳಿ ಮಂದಿ
ಇಷ್ಟೊತ್ತು ಓದುತ್ತಾ ಕೂತಿದ್ದೆ. ಜಬಲ್ಪುರ ಆಯಿತು, ಮದ್ರಾಸ್ ಆಯಿತು, ಲಂಡನ್ ಆಯಿತು, ದಕ್ಷಿಣ ಆಫ್ರಿಕಾವೂ ಆಯಿತು. ಹುಬ್ಬಳ್ಳಿ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ! ಟೀಚರ್ 'ನಮ್ಮ ಕಡೆ ಏನಿತ್ತು' ಅಂತ ಕೇಳಿದ್ದಾರೆ. ಇದೆ, ಕೇಳಿ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಜೈಲಿನಲ್ಲಿ ಹಿಂಸೆ ತಡೆಯಲಾರದೆ ಎಷ್ಟೋ ಜನ ಕ್ಷಮೆ ಕೇಳಿ ಹೊರಬಂದರು. ಡಾ. ನಾ. ಸು. ಹರ್ಡೀಕರ್ ಕರೆದುಕೊಂಡು ಹೋಗಿದ್ದ ಹುಬ್ಬಳ್ಳಿಯ ತಂಡ ಕ್ಷಮೆ ಕೇಳಲಿಲ್ಲ. ಅದನ್ನು ನೋಡಿ ಕಾಂಗ್ರೆಸ್ಸಿನ ನಾಯಕರಿಗೆ ಶಿಸ್ತಿನ ಸ್ವಯಂಸೇವಕರು ಬೇಕು ಅನ್ನಿಸಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅಧ್ಯಕ್ಷರು, ಆದರೆ ದಿನನಿತ್ಯದ ದುಡಿಮೆ ಹರ್ಡೀಕರರದು. ಕೇಂದ್ರ ನಮ್ಮ ಹುಬ್ಬಳ್ಳಿ. ಇಡೀ ದೇಶದ ಸೇವಾದಳ ಇಲ್ಲಿಂದ ನಡೆಯುತ್ತಿತ್ತು!

ಈಗ ಹೆಣ್ಣುಮಕ್ಕಳ ವಿಷಯ. ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೆ ಮದುವೆ. ಸೊಸೆ ಓದಲೇಬೇಕು ಅಂತ ಹಟ ಹಿಡಿದವರು ಮಾವ ಆನಂದರಾವ್. 1923ರಲ್ಲಿ ಗಂಡ ತೀರಿಕೊಂಡರು. ಮಾವನ ಜೊತೆ ಹುಬ್ಬಳ್ಳಿಯಲ್ಲಿ ನಿಂತು ಕರ್ನಾಟಕ ಪ್ರೆಸ್ ನೋಡಿಕೊಂಡರು, ಹುಡುಗಿಯರಿಗಾಗಿ ತಿಲಕ್ ಕನ್ಯಾಶಾಲೆ ನಡೆಸಿದರು, ಭಗಿನಿ ಮಂಡಲ ಕಟ್ಟಿದರು. ಸೇವಾದಳದ ಮಹಿಳಾ ವಿಭಾಗವನ್ನು ಹರ್ಡೀಕರ್ ಉಮಾಬಾಯಿಗೆ ಒಪ್ಪಿಸಿದರು.

1924ರ ಬೆಳಗಾವಿ ಅಧಿವೇಶನ ನಿಮಗೆಲ್ಲ ಗೊತ್ತು, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಅದಕ್ಕೆ ಉಮಾಬಾಯಿ ಊರೂರು ತಿರುಗಿ 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ತಂದರು. ಅದರಲ್ಲಿ ವಿಧವೆಯರೂ ಇದ್ದರು. ಮನೆಯ ಹೊಸ್ತಿಲು ದಾಟಿಸುವುದೇ ಕಷ್ಟವಾಗಿದ್ದ ಕಾಲ. ಯಾವ ಗವರ್ನರ್ ಹೆಂಡತಿಯೂ ಬಂದು ಬ್ಯಾಡ್ಜ್ ಚುಚ್ಚಲಿಲ್ಲ ಅವರಿಗೆ.

ಹೊಸಪೇಟೆ ಹುಡುಗ
ಸರ್, ಒಳ್ಳೆಯ ಮಾಹಿತಿ. ಆದರೆ ಸೇವಾದಳ ದೊಡ್ಡವರದ್ದಲ್ವಾ? ಪ್ರಶ್ನೆ ಇರುವುದು ಹುಡುಗಿಯರ ದಳಗಳ ಬಗ್ಗೆ. ಎರಡನ್ನೂ ಸೇರಿಸಿದರೆ ಹೇಗೆ?

ಹುಬ್ಬಳ್ಳಿ ಮಂದಿ
ಈಗಿನ ಲೆಕ್ಕದಲ್ಲಿ 16 ವರ್ಷದವಳು ಹುಡುಗಿ. ಆಗ ಅವಳು ಎರಡು ಮಕ್ಕಳ ತಾಯಿ, ಇಲ್ಲವೇ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತ ವಿಧವೆ. 'ಯುವತಿಯರ ಸಂಘಟನೆ' ಅಂತ ಬೇರೆ ಗೆರೆ ಎಲ್ಲಿ ಎಳೆಯುತ್ತೀರಿ? ಕನ್ಯಾಶಾಲೆಯ ಹುಡುಗಿ, ಭಗಿನಿ ಮಂಡಲಕ್ಕೆ ಬರುವ ಎಳೆ ವಯಸ್ಸಿನ ವಿಧವೆ, ಅಧಿವೇಶನದ ಸ್ವಯಂಸೇವಕಿ, ಇವೆಲ್ಲಾ ಒಂದೇ ಅಂಗಳದಲ್ಲಿ ಬೆಳೆದದ್ದು.

ಗೂಡುದೀಪ
ಇದು ಬಹಳ ಮುಖ್ಯವಾದ ಮಾತು. ಹದಿಹರೆಯ ಅನ್ನುವ ಅವಧಿಯೇ ನಮ್ಮ ಹೆಣ್ಣುಮಕ್ಕಳಿಗೆ ಇರಲಿಲ್ಲ. ಮಗುವಾಗಿದ್ದವಳು ನೇರವಾಗಿ ಸೊಸೆಯಾಗುತ್ತಿದ್ದಳು. ಶಾಲೆ, ಗೈಡ್ಸ್, ಸೇವಾದಳ ಎಲ್ಲಾ ಸೇರಿ ನಡುವೆ ಒಂದಷ್ಟು ವರ್ಷ ಮಾಡಿಕೊಟ್ಟವು.

ಕಡಲೂರು
ಹುಬ್ಬಳ್ಳಿಯವರು ಉಮಾಬಾಯಿ ಹೆಸರು ತಂದಿದ್ದು ತುಂಬ ಖುಷಿ. ಆದರೆ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಬಿಟ್ಟರೆ ಹೇಗೆ? ಅವರೂ ನಮ್ಮ ಮಂಗಳೂರಿನವರೇ, ಹುಟ್ಟಿದ್ದು 1903ರಲ್ಲಿ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ಆಮೇಲೆ ಮರುಮದುವೆ. 1923ರಲ್ಲಿ ಲಂಡನ್ನಿನಿಂದ ವಾಪಸ್ ಬಂದವರೇ ಸೇವಾದಳ ಸೇರಿದರು. ಹೆಣ್ಣುಮಕ್ಕಳನ್ನು ಸೇರಿಸುವುದು, ತರಬೇತಿ ಕೊಡುವುದು ಅವರ ಜವಾಬ್ದಾರಿ ಆಯಿತು. ಬೆಳಗಾವಿಯಲ್ಲಿ ಉಮಾಬಾಯಿ ಜೊತೆ ಇವರೂ ಇದ್ದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರು ಬೇಡ ಅಂತ ಗಾಂಧೀಜಿ ಮೊದಲು ಅಂದಾಗ, ಹೋಗಿ ವಾದ ಮಾಡಿದವರಲ್ಲಿ ಇವರೂ ಒಬ್ಬರು. ಬೊಂಬಾಯಿಯ ಷೇರು ಪೇಟೆಯೊಳಗೆ ನುಗ್ಗಿ ಉಪ್ಪು ಮಾರಿದರು. ಅದೇ ವರ್ಷ ಬೊಂಬಾಯಿಯಲ್ಲಿ ದೇಶ ಸೇವಿಕಾ ಸಂಘದ ಹೆಣ್ಣುಮಕ್ಕಳು ಕೇಸರಿ ಸೀರೆ ಉಟ್ಟು ವಿದೇಶಿ ಬಟ್ಟೆ ಅಂಗಡಿ, ಹೆಂಡದಂಗಡಿ ಮುಂದೆ ಧರಣಿ ಕೂತರು. ಅವರ ಯೂನಿಫಾರ್ಮು ಅದು. ನೀಲಿ ಸೀರೆಯ ಗೈಡ್ಸ್ ಬಗ್ಗೆ ಬರೆಯುವಾಗ ಕೇಸರಿ ಸೀರೆಯವರನ್ನೂ ಪಕ್ಕದಲ್ಲೇ ಬರೆಸಿ ಟೀಚರ್.

ಜೋಳದರೊಟ್ಟಿ
ನಮ್ಮ ಅಜ್ಜಿ ಗದಗ ಕಡೆಯವಳು. ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಪ್ರಭಾತ ಫೇರಿಯ ಕಥೆ ಹೇಳುತ್ತಿದ್ದಳು. ಇನ್ನೂ ಕತ್ತಲು ಇರುವಾಗಲೇ ಓಣಿಯ ಹುಡುಗಿಯರು ಹಾಡುತ್ತಾ ಹೋಗುತ್ತಿದ್ದರಂತೆ. ಮುಂದೆ ಧ್ವಜ ಹಿಡಿಯುವ ಸರದಿ ಬರಲಿ ಅಂತ ಕಾಯುತ್ತಿದ್ದರಂತೆ. ಹಳೇ ಖಾದಿ ಸೀರೆ ಹರಿದು ತಲೆಗೆ ಕಟ್ಟಿಕೊಂಡಿದ್ದೇ ಅವರ ಯೂನಿಫಾರ್ಮು. ಪೊಲೀಸರು ಹುಡುಗಿಯರನ್ನು ಹಿಡಿಯುತ್ತಿರಲಿಲ್ಲ, ಮನೆಗೆ ಬಂದು ಅಪ್ಪನನ್ನು ಗದರಿಸುತ್ತಿದ್ದರು. ಅಪ್ಪ ಇವರನ್ನು ಬಾರಿಸುತ್ತಿದ್ದ. ಮರುದಿನ ಮತ್ತೆ ಹೋಗುತ್ತಿದ್ದರು.

ಇದನ್ನು ಸಂಘಟನೆ ಅನ್ನಬೇಕೋ ಏನೋ, ನೀವೇ ಹೇಳಿ. ನನಗಂತೂ ಅದು ಯಾವ ಕಂಪನಿಗೂ ಕಡಿಮೆ ಅಲ್ಲ.

ತುಂಗಾತೀರ
@ಜೋಳದರೊಟ್ಟಿ ಅಕ್ಕಾ, ಇದನ್ನು ಚಾರ್ಟಿನಲ್ಲಿ ಹಾಕಲು ಅನುಮತಿ ಕೊಡುತ್ತೀರಾ? ಹೆಸರು ಬೇಡ, 'ಗದಗ ಕಡೆಯ ಒಬ್ಬ ಅಜ್ಜಿ' ಅಂತ ಹಾಕುತ್ತೇನೆ.

ಜೋಳದರೊಟ್ಟಿ
ಧಾರಾಳವಾಗಿ ಹಾಕಿರಿ. ಅಪ್ಪ ಬಾರಿಸಿದ್ದನ್ನೂ ಹಾಕಿರಿ. ಪೊಲೀಸರ ಲಾಠಿ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅದನ್ನು ಯಾರೂ ಬರೆಯುವುದಿಲ್ಲ.

ನಿವೃತ್ತ ಮೇಷ್ಟ್ರು
ಮಧ್ಯದಲ್ಲಿ ಒಂದು ಮಾತು. ಸ್ವಯಂಸೇವಕರ ದಳ, ಕವಾಯತು, ಸೆಲ್ಯೂಟು ಎಲ್ಲಾ ಕಂಡು ಕಾಂಗ್ರೆಸ್ಸಿನ ಒಳಗೇ ಕೆಲವರು ಸೇವಾದಳವನ್ನು ವಿರೋಧಿಸಿದ್ದರು. ಇದು ಸೈನ್ಯದ ಥರ ಆಗುತ್ತದೆ, ಅಹಿಂಸೆಗೆ ಒಗ್ಗುವುದಿಲ್ಲ ಅನ್ನುವ ಆತಂಕ. ಹರ್ಡೀಕರ್ ಬಿಡಲಿಲ್ಲ. ಶಿಸ್ತು ಇಲ್ಲದವನಿಗೆ ಲಾಠಿ ಏಟು ತಿಂದೂ ಕೈ ಎತ್ತದೆ ನಿಲ್ಲಲು ಬರುವುದಿಲ್ಲ, ಇದು ನನ್ನ ಅನುಭವದ ಮಾತು. ಸೀಟಿ, ಸಾಲು, ಧ್ವಜ, ಸಮಯಪಾಲನೆ ಎಲ್ಲಾ ಸ್ಕೌಟ್, ಗೈಡ್‌ಗಳಲ್ಲಿ ಇದ್ದದ್ದೇ. ಯಾರ ಮಾತಿಗೆ ಸಾಲು ನಿಲ್ಲುತ್ತಾರೆ ಅನ್ನುವುದು ಬೇರೆ.

ಕಲ್ಕತ್ತಾದಲ್ಲಿ ಓದಿದವಳು
ಇದೇ ಮಾತಿಗೆ ಬಂಗಾಳದ ಕಥೆ ಸೇರಿಸುತ್ತೇನೆ. ಅಲ್ಲಿ ಹುಡುಗಿಯರದೇ ಸಂಘಗಳು ಇದ್ದವು, ದೊಡ್ಡವರ ಬಾಲಂಗೋಚಿ ಅಲ್ಲ. ಢಾಕಾದಲ್ಲಿ ಲೀಲಾ ನಾಗ್ 1923ರಲ್ಲಿ ದೀಪಾಲಿ ಸಂಘ ಶುರು ಮಾಡಿದರು. ಹುಡುಗಿಯರಿಗೆ ಶಾಲೆ ತೆರೆದರು, ಜೊತೆಗೆ ದೇಹದಾರ್ಢ್ಯ ತರಬೇತಿ. 1928ರಲ್ಲಿ ಕಲ್ಕತ್ತಾದಲ್ಲಿ ಛಾತ್ರಿ ಸಂಘ ಹುಟ್ಟಿತು. ಕಾಲೇಜು ಹುಡುಗಿಯರೇ ನಡೆಸಿದ್ದು, ಕಲ್ಯಾಣಿ ದಾಸ್ ಕಾರ್ಯದರ್ಶಿ. ಓದುವ ಗುಂಪು, ಸೈಕಲ್ಲು, ಲಾಠಿ ವರಸೆ ಎಲ್ಲಾ ಇತ್ತು. ಕಲ್ಯಾಣಿಯ ತಂಗಿ ಬೀನಾ ದಾಸ್, ಚಿತ್ತಗಾಂಗಿನ ಪ್ರೀತಿಲತಾ, ಕಲ್ಪನಾ ದತ್ತ ಎಲ್ಲಾ ಈ ಬಳಗದವರೇ.

ಅದೇ 1928ರ ಡಿಸೆಂಬರ್‌ನಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನ. ಸುಭಾಷ್ ಬೋಸ್ ಸ್ವಯಂಸೇವಕರ ಮುಖ್ಯಸ್ಥ. ಲತಿಕಾ ಘೋಷ್ ಹೆಂಗಸರ ತಂಡದ ಕರ್ನಲ್. ಹುಡುಗಿಯರು ಕೆಂಪಂಚಿನ ಕಡುಹಸಿರು ಸೀರೆ, ಬಿಳಿ ರವಿಕೆ ತೊಟ್ಟು ಬೀದಿಯಲ್ಲಿ ಕವಾಯತು ನಡೆದರು. ನೋಡಿದವರು ಬೆರಗಾದರು, ಬೈದವರೂ ಇದ್ದರು.

ಆಮೇಲೆ ನಡೆದದ್ದು ಗೊತ್ತಲ್ಲ. 1931ರ ಡಿಸೆಂಬರ್ 14ರಂದು ಕೊಮಿಲ್ಲಾದಲ್ಲಿ ಶಾಂತಿ ಘೋಷ್, ಸುನೀತಿ ಚೌಧುರಿ ಅನ್ನುವ ಇಬ್ಬರು ಹುಡುಗಿಯರು ಜಿಲ್ಲಾ ಮ್ಯಾಜಿಸ್ಟ್ರೇಟ್ ಸ್ಟೀವನ್ಸ್‌ನನ್ನು ಗುಂಡಿಟ್ಟು ಕೊಂದರು. ಹೈಸ್ಕೂಲಿನಲ್ಲಿ ಓದುತ್ತಿದ್ದವರು. ಒಬ್ಬಳಿಗೆ 15, ಇನ್ನೊಬ್ಬಳಿಗೆ 14. ಎರಡು ತಿಂಗಳು ಕಳೆಯುವ ಮುಂಚೆ, 1932ರ ಫೆಬ್ರವರಿ 6ರಂದು, ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಬೀನಾ ದಾಸ್ ಗವರ್ನರ್ ಜಾಕ್ಸನ್ ಮೇಲೆ ಗುಂಡು ಹಾರಿಸಿದರು. ತಾನೇ ಪದವಿ ತೆಗೆದುಕೊಳ್ಳಬೇಕಾದ ಸಭೆಯಲ್ಲಿ.

ಬಸವನಗುಡಿಯವ
ಇವರ ಫೋಟೋ ಚಾರ್ಟಿನ ಮಧ್ಯದಲ್ಲಿ ಇರಬೇಕು. ಬೇಡನ್ ಪೊವೆಲ್ ಮೂಲೆಯಲ್ಲಿ ಇರಲಿ.

ಗೂಡುದೀಪ
ಎಂಟನೇ ಕ್ಲಾಸಿನ ಹುಡುಗಿಗೆ ಪಿಸ್ತೂಲನ್ನು ಮಾದರಿ ಅಂತ ತೋರಿಸುವುದು ನನಗೆ ಒಪ್ಪಿಗೆ ಇಲ್ಲ. ಆ ಇಬ್ಬರು ಮಕ್ಕಳನ್ನು ದೊಡ್ಡವರು ಕಳಿಸಿದ್ದರು. 14 ವರ್ಷದ ಮಗುವಿಗೆ ಸಾಯುವುದಕ್ಕೆ ತಯಾರಾಗು ಅಂತ ಹೇಳಿಕೊಟ್ಟವರ ಬಗ್ಗೆಯೂ ಪ್ರಶ್ನೆ ಕೇಳಬೇಕು.

ಕಲ್ಕತ್ತಾದಲ್ಲಿ ಓದಿದವಳು
@ಗೂಡುದೀಪ ಕಳಿಸಿದರು ಅನ್ನುವುದು ಅರ್ಧ ಸತ್ಯ. ಹುಡುಗಿಯರು ತಮಗೂ ಹುಡುಗರಷ್ಟೇ ಕೆಲಸ ಕೊಡಿ ಅಂತ ಜಗಳ ಮಾಡಿ ಪಡೆದದ್ದು. ಸುಮ್ನೆ ಕಾಗದ ಮುಟ್ಟಿಸುವುದು, ಅಡುಗೆ ಮಾಡಿ ಹಾಕುವುದು ಸಾಕಾಗಿತ್ತು ಅವರಿಗೆ. ಅವರನ್ನು ಬೊಂಬೆ ಮಾಡಬೇಡಿ.

ಗೂಡುದೀಪ
ಬೊಂಬೆ ಅನ್ನುತ್ತಿಲ್ಲ. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೂ 14 ವರ್ಷ 14 ವರ್ಷವೇ.

ಇತಿಹಾಸಪ್ರಿಯ
ಇಲ್ಲಿ ಸೇರಿಸಬೇಕಾದ ಇನ್ನೆರಡು ಹೆಸರು. 1930ರಲ್ಲಿ ಅಲಹಾಬಾದಿನಲ್ಲಿ ಮಕ್ಕಳ ವಾನರ ಸೇನೆ. ಅದರ ಮುಂದಾಳು ಆಗ 12 ವರ್ಷದ ಇಂದಿರಾ. ಧ್ವಜ ಹೊಲಿಯುವುದು, ಸುದ್ದಿ ಮುಟ್ಟಿಸುವುದು ಅವರ ಕೆಲಸ. ಇನ್ನೊಂದು 1936ರ ವಿಜಯದಶಮಿಗೆ ವರ್ಧಾದಲ್ಲಿ ಲಕ್ಷ್ಮೀಬಾಯಿ ಕೇಳ್ಕರ್ ಶುರು ಮಾಡಿದ ರಾಷ್ಟ್ರ ಸೇವಿಕಾ ಸಮಿತಿ. ಆ ಕಾಲದಲ್ಲಿ ಎಲ್ಲಾ ಕಡೆಯವರಿಗೂ ಹುಡುಗಿಯರನ್ನು ಸಾಲಾಗಿ ನಿಲ್ಲಿಸುವ ಅಗತ್ಯ ಕಂಡಿತ್ತು.

ಹೊಸಪೇಟೆ ಹುಡುಗ
ಈಗ ರಾಜಕೀಯಕ್ಕೆ ಎಳೆಯಬೇಡಿ ಪ್ಲೀಸ್.

ಇತಿಹಾಸಪ್ರಿಯ
ಎಳೆಯುತ್ತಿಲ್ಲ. ಪಟ್ಟಿ ಮಾಡುವಾಗ ನಮಗೆ ಇಷ್ಟವಾದದ್ದನ್ನು ಮಾತ್ರ ಹಾಕಿದರೆ ಅದು ಇತಿಹಾಸ ಆಗುವುದಿಲ್ಲ, ಅಷ್ಟೇ.

ಲೀಡ್ಸ್ ಕನ್ನಡತಿ
ಒಂದು ಪ್ರಶ್ನೆ. ಕ್ಯಾಂಪಿನಲ್ಲಿ ಅಡುಗೆ ಯಾರು ಮಾಡುತ್ತಿದ್ದರು? ಜಾತಿ ಹೇಗೆ ನಿಭಾಯಿಸಿದರು? ನಮ್ಮ ದೊಡ್ಡತ್ತೆ ಹಳೇ ಮೈಸೂರಿನಲ್ಲಿ ಗೈಡ್ ಆಗಿದ್ದವರು. ಅವರ ಕ್ಯಾಂಪಿನಲ್ಲಿ ಎರಡು ಒಲೆ ಇತ್ತಂತೆ. ಅಕ್ಕತಂಗಿಯರು ಅನ್ನುವ ನಿಯಮ ನಮ್ಮವರ ಒಲೆಯ ಹತ್ತಿರವೂ ನಿಂತುಹೋಗಿತ್ತು.

ನಿವೃತ್ತ ಮೇಷ್ಟ್ರು
ನಿಜ ತಾಯಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೂ, ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆಗಿದ್ದರೂ, ಮಗಳನ್ನು ಕ್ಯಾಂಪಿಗೆ ಕಳಿಸುವ ಮುಂಚೆ 'ಅಡುಗೆ ಯಾರದು' ಅಂತ ಕೇಳುವ ತಂದೆ ತಾಯಿ ಇದ್ದರು. ನಾವು ಪೆಟ್ರೋಲ್ ಪ್ರಕಾರ ಒಲೆ ಹಂಚಿ, ಪೆಟ್ರೋಲ್‌ನಲ್ಲಿ ಎಲ್ಲರನ್ನೂ ಬೆರೆಸಿ ಹಾಕುತ್ತಿದ್ದೆವು. ಹೊಟ್ಟೆ ಹಸಿದಾಗ ಮಕ್ಕಳು ಯಾವುದನ್ನೂ ಕೇಳುವುದಿಲ್ಲ. ಗಲಾಟೆ ಮಾಡುವವರು ಮನೆಯವರೇ.

ಹುಬ್ಬಳ್ಳಿ ಮಂದಿ
ಉಮಾಬಾಯಿ ಕಥೆ ಪೂರ್ತಿ ಮಾಡಲಿಲ್ಲ ನಾನು. ಮೇಡಂ ಕೇಳಿದ 'ಯಾರ ಪರ' ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ.

1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ಅದೇ ವರ್ಷ ಉಮಾಬಾಯಿಯವರನ್ನು ಹಿಡಿದು ಯರವಡಾ ಜೈಲಿಗೆ ಹಾಕಿದರು, 4 ತಿಂಗಳು. ಒಳಗೆ ಇದ್ದಾಗಲೇ ಮಾವ ತೀರಿಕೊಂಡರು. ಹೊರಗೆ ಬಂದರೆ ಪ್ರೆಸ್ ಮುಟ್ಟುಗೋಲು. ಕನ್ಯಾಶಾಲೆಗೆ ಬೀಗ, ಮೇಲೆ ಸರ್ಕಾರದ ಮೊಹರು. ಭಗಿನಿ ಮಂಡಲ ಕಾನೂನುಬಾಹಿರ ಅಂತ ಘೋಷಣೆ. ಆಮೇಲೂ ಅವರ ಸಣ್ಣ ಮನೆ ಜೈಲಿನಿಂದ ಬಿಡುಗಡೆಯಾಗಿ ಬರುವ ಹೆಣ್ಣುಮಕ್ಕಳಿಗೆ ಆಸರೆಯಾಯಿತು. 1934ರಲ್ಲಿ ಬಿಹಾರದಲ್ಲಿ ಭೂಕಂಪ ಆದಾಗ ಸ್ವಯಂಸೇವಕರ ಜೊತೆ ಅಲ್ಲಿಗೂ ಹೋದರು.

ಈಗ ಯೋಚನೆ ಮಾಡಿ. ಅದೇ ವರ್ಷಗಳಲ್ಲಿ ಗೈಡ್ಸ್‌ಗೆ ವೈಸರಾಯ್, ಗವರ್ನರ್‌ಗಳ ಮನೆಯ ಹೆಂಗಸರು ಪೋಷಕರು. ಮೈದಾನ, ಸರ್ಕಾರದ ಬೆಂಬಲ ಎಲ್ಲಾ ಸಿಗುತ್ತಿತ್ತು. ಎರಡೂ ಕಡೆ ಹುಡುಗಿಯರಿಗೆ ಪ್ರಥಮ ಚಿಕಿತ್ಸೆ, ಶುಚಿತ್ವ, ಸೇವೆ, ಶಿಸ್ತನ್ನೇ ಕಲಿಸಿದ್ದು. ಒಂದಕ್ಕೆ ಪದಕ, ಇನ್ನೊಂದಕ್ಕೆ ಬೀಗ. ಹುಡುಗಿಯರು ಗಟ್ಟಿಯಾಗುವುದಕ್ಕೆ ಸರ್ಕಾರದ ಅಡ್ಡಿ ಇರಲಿಲ್ಲ. ತನ್ನ ಕೈಮೀರಿ ಗಟ್ಟಿಯಾಗುವುದಕ್ಕೆ ಅಡ್ಡಿ ಇತ್ತು.

ಗೂಡುದೀಪ
ಈ ಕೊನೆಯ ಎರಡು ವಾಕ್ಯ ನನ್ನ ವಾದಕ್ಕೂ ಸರಿಯಾದ ಉತ್ತರ. ಆದರೂ ಗೈಡ್ಸ್ ಹುಡುಗಿಯರನ್ನು ದೂರಬೇಡಿ ಅನ್ನುವುದು ನನ್ನ ಬೇಡಿಕೆ. ಬೀಗ ಹಾಕಿದ್ದು ಸರ್ಕಾರ, ಅವರಲ್ಲ.

ಬಸವನಗುಡಿಯವ
ಹುಡುಗಿಯರನ್ನು ಯಾರು ದೂರಿದ್ದಾರೆ? ನಾನು ದೂರಿದ್ದು ಕೈಪಿಡಿಯನ್ನು. ಉಮಾಬಾಯಿ ವಿಷಯ ಇಷ್ಟು ವಿವರವಾಗಿ ನಾನು ಎಲ್ಲೂ ಓದಿರಲಿಲ್ಲ. ಇದು ಪಠ್ಯದಲ್ಲಿ ಇರಬೇಕಿತ್ತು.

ಕಡಲೂರು
ಬೆಳಗಾವಿ ಅಧಿವೇಶನ ಅಂದರೆ ಪಾಠದಲ್ಲಿ ಗಾಂಧೀಜಿಯ ಫೋಟೋ, ಬಾವಿಯ ಕಥೆ, ಹಾಡು. 150 ಹೆಂಗಸರು ಮನೆ ಬಿಟ್ಟು ಬಂದು ಅಲ್ಲಿ ದುಡಿದರು ಅನ್ನುವ ಒಂದು ಸಾಲಿಗೆ ಜಾಗ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ತುಂಗಾತೀರ
ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಾನು ಯೋಚಿಸಿರುವುದು ಹೀಗೆ. ಚಾರ್ಟಿನ ಒಂದು ಬದಿಗೆ ಜಬಲ್ಪುರ 1911, ಇನ್ನೊಂದು ಬದಿಗೆ ಹುಬ್ಬಳ್ಳಿ 1923. 1912ರ ಕೈಪಿಡಿಯ ಹೆಸರನ್ನು ಮುಚ್ಚಿಡದೆ ಪೂರ್ತಿ ಬರೆಸುತ್ತೇನೆ. ವೇಫೇರರ್ಸ್ ಕೂಡ ಇರುತ್ತದೆ. ಯರವಡಾ ಜೈಲು, ಬೀಗ ಹಾಕಿದ ಶಾಲೆ ಖಂಡಿತ ಇರುತ್ತದೆ. ಕೊಮಿಲ್ಲಾ ಹುಡುಗಿಯರ ಬಗ್ಗೆ ಚಾರ್ಟಿನಲ್ಲಿ ಹಾಕುವುದಿಲ್ಲ. ಹತ್ತನೇ ಕ್ಲಾಸಿನವರ ಜೊತೆ ಕೂತು ಬೇರೆಯಾಗಿ ಮಾತಾಡುತ್ತೇನೆ. @ಕಲ್ಕತ್ತಾದಲ್ಲಿ ಓದಿದವಳು, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಕೆಲಸ ಕೊಡುತ್ತಿದ್ದೇನೆ ನನ್ನ ಹುಡುಗಿಯರಿಗೆ. ಪ್ರತಿಯೊಬ್ಬರೂ ಮನೆಯಲ್ಲಿ, ನೆರೆಮನೆಯಲ್ಲಿ 80 ದಾಟಿದ ಅಜ್ಜಿಯರ ಹತ್ತಿರ ಹೋಗಿ ಕೇಳಬೇಕು. ನಿಮ್ಮ ಅಮ್ಮ ಹುಡುಗಿಯಾಗಿದ್ದಾಗ ಯಾವ ಸಂಘಕ್ಕೆ ಹೋಗುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಮನೆಯಲ್ಲಿ ಯಾರು ಬೇಡ ಅಂದರು ಅಂತ.

ಕಲ್ಕತ್ತಾದಲ್ಲಿ ಓದಿದವಳು
ಬೇಜಾರಿದೆ, ಆದರೆ ಮಾತಾಡುತ್ತೀರಲ್ಲ, ಅದು ಸಾಕು. ದೀಪಾಲಿ ಸಂಘವನ್ನಾದರೂ ಚಾರ್ಟಿಗೆ ಹಾಕಿ. ಅದರಲ್ಲಿ ಪಿಸ್ತೂಲ್ ಇಲ್ಲ, ಶಾಲೆಗಳಿವೆ.

ನಿವೃತ್ತ ಮೇಷ್ಟ್ರು
ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ ಟೀಚರ್. ಬರೆದುಕೊಂಡು ಬಾ ಅಂದರೆ ಮಕ್ಕಳು ಎರಡು ಸಾಲು ಬರೆಯುತ್ತಾರೆ. ಊರು, ಅಂದಾಜು ವರ್ಷ, ಶಾಲೆಯ ಹೆಸರು ಮೊದಲೇ ಕೇಳಿಸಿ.

ಹುಬ್ಬಳ್ಳಿ ಮಂದಿ
ಮಕ್ಕಳನ್ನು ಪ್ರವಾಸಕ್ಕೆ ಈ ಕಡೆ ಕರೆತಂದರೆ ನನಗೆ ಮೆಸೇಜ್ ಮಾಡಿ. ಊರು ತೋರಿಸುವುದು ನನ್ನ ಪಾಲು. ಘಟಪ್ರಭಾಕ್ಕೂ ಹೋಗಿ ಬನ್ನಿ, ಹರ್ಡೀಕರರ ಆರೋಗ್ಯಧಾಮ ಅಲ್ಲಿದೆ. ಊಟದ ಚಿಂತೆ ಬೇಡ.

ಜೋಳದರೊಟ್ಟಿ
ಗದಗ ಮೇಲೆ ಬರುವುದಾದರೆ ರೊಟ್ಟಿ ನಮ್ಮ ಮನೆಯಿಂದ. ಎಷ್ಟು ಮಂದಿ ಅಂತ ಮೊದಲೇ ಹೇಳಿರಿ.